ಪೂಜೆಗೋ, ನೋಡೋಕೋ

ಆಚಾರ್ರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಐವತ್ತು ವರ್ಷ ಬಿಸಿ ಮೇಣವನ್ನು ತೀಡಿ ತೀಡಿ ಅದು ಹೊಳೆಗಲ್ಲಿನ ಹಾಗೆ ನುಣುಪಾಗಿಬಿಟ್ಟಿತ್ತು. ಉಗುರು ಗಿಡ್ಡ, ತುದಿ ಅಗಲ, ಉಳಿದ ಬೆರಳುಗಳಿಗಿಂತ ಸ್ವಲ್ಪ ಹೆಚ್ಚೇ ಕಂದು. ರೇಷನ್ ಡಿಪೋದ ಯಂತ್ರಕ್ಕೆ ಆ ಹೆಬ್ಬೆಟ್ಟು ಒಪ್ಪಿಗೆಯಾಗದೆ ಅವರು ಮೂರು ಸಲ ಬರಿಗೈಯಲ್ಲಿ ವಾಪಸು ಬಂದಿದ್ದರು. ನಾಲ್ಕನೆಯ ಸಲದ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು.

“ಒರ್‍ಸಿ ಇಡಿ ಅಂದ್ರು, ಒರ್‍ಸಿ ಇಟ್ಟೆ. ತೊಳ್ದು ಇಡಿ ಅಂದ್ರು, ತೊಳ್ದು ಇಟ್ಟೆ. ಮಿಷಿನ್ನಿಗೆ ನಾನು ಆಗಲ್ವಂತಮ್ಮ! ಕೊನೆಗೆ, ಅಜ್ಜಾ ಕಣ್ಣು ಅಗಲ ಬಿಡಿ, ಕಣ್ಣಲ್ಲೇ ತಗೋತೀವಿ ಅಂದ್ಳು ಆ ಹುಡುಗಿ. ಅಷ್ಟು ದೇವ್ರಿಗೆ ನಾನು ಕಣ್ಣು ಬಿಡಿಸಿದೀನಿ, ನಂಗೆ ಅವಳು ಬಿಡಿಸಿದ್ಲು ನೋಡಿ.”

ಹೇಳಿ ತಾವೇ ಮೊದಲು ನಗುತ್ತಿದ್ದರು. ನಕ್ಕರೆ ಕೆಮ್ಮು, ಕೆಮ್ಮಿದರೆ ಒಳಗಿನಿಂದ ಅವರ ಹೆಂಡತಿಯ ಬೈಗುಳ.

ಆಚಾರ್ರು ವಿಗ್ರಹಗಳ ಎರಕ ಹೊಯ್ಯುತ್ತಿದ್ದರು. ನಾನು ಕಂಚಿನಲ್ಲಿ ಶಿಲ್ಪ ಮಾಡುವವಳು. ಹಾಗೆ ಹೇಳಿಕೊಳ್ಳುತ್ತೇನೆ, ಆದರೆ ಕಂಚನ್ನು ನಾನು ಮುಟ್ಟುವುದು ಕೊನೆಯಲ್ಲಿ, ಅರ ಹಾಕಿ ಹೊಳಪು ಕೊಡುವಾಗ. ಜೆ.ಪಿ. ನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕೂತು ಮೇಣದಲ್ಲಿ ಮೂರ್ತಿ ಮಾಡುವುದಷ್ಟೇ ನನ್ನ ಕೆಲಸ. ಆ ಮೇಣಕ್ಕೆ ಕೆರೆಯ ಮಣ್ಣು ಮೆತ್ತಿ, ಒಣಗಿಸಿ, ಬೆರಣಿ ಬೆಂಕಿಯಲ್ಲಿ ಸುಟ್ಟರೆ ಮೇಣ ಕರಗಿ ಹೊರಗೆ ಹರಿಯುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಕಾದ ಲೋಹವನ್ನು ಹೊಯ್ಯುತ್ತಾರೆ. ಆ ಮಣ್ಣು, ಆ ಬೆಂಕಿ, ಆ ಲೋಹ ಎಲ್ಲ ಆಚಾರ್ರದು. ಹದಿನೆಂಟು ವರ್ಷ ನನ್ನ ಪ್ರತಿಯೊಂದು ಶಿಲ್ಪವೂ ಅವರ ಶೆಡ್ಡಿನಿಂದಲೇ ಹೊರಗೆ ಬಂತು. ಪ್ರದರ್ಶನಗಳಲ್ಲಿ ಪಕ್ಕದ ಚೀಟಿಯ ಮೇಲೆ ಇದ್ದದ್ದು ನನ್ನ ಹೆಸರೊಂದೇ.

ಅವರ ಹೆಸರನ್ನು ಇಲ್ಲಿಯೂ ಬರೆಯುತ್ತಿಲ್ಲ. ಇದು ಅವರದೇ ಮಾತು. ಒಮ್ಮೆ, ಪೀಠದ ಕೆಳಗೆ ನಿಮ್ಮ ಹೆಸರನ್ನೂ ಕೊರೆಯೋಣವೇ ಎಂದು ಕೇಳಿದ್ದೆ. “ಬೇಡಮ್ಮ. ಕೈ ಮುಗಿಯೋರು ಯಾರಿಗೆ ಮುಗೀಬೇಕು ಅಂತ ಗೊಂದಲ ಆಗುತ್ತೆ,” ಎಂದಿದ್ದರು. ಸದ್ಯ, ಬೇಡವೆಂದರಲ್ಲ ಎಂದು ಒಳಗೊಳಗೇ ನಿರಾಳವಾಗಿತ್ತು. ಒಪ್ಪಿಕೊಳ್ಳಬೇಕಾದ್ದು ಇನ್ನೂ ಬಹಳವಿದೆ, ಇದರಿಂದಲೇ ಶುರುಮಾಡುತ್ತೇನೆ.

ಅವರ ಮನೆ ಸುಬ್ರಹ್ಮಣ್ಯಪುರದ ಮುಖ್ಯರಸ್ತೆಯಿಂದ ಎರಡು ತಿರುವು ಒಳಗೆ. ಎರಡು ಕೋಣೆಯ ಹಂಚಿನ ಮನೆ, ಹಿಂದೆ ತಗಡಿನ ಶೆಡ್ಡು. ಅವರು ಬಂದಾಗ ಸುತ್ತ ರಾಗಿ ಹೊಲವಿತ್ತಂತೆ. ನಾನು ಹೋಗುವ ಹೊತ್ತಿಗೆ ಮೂರು ಕಡೆಯೂ ಅಪಾರ್ಟ್‌ಮೆಂಟುಗಳೆದ್ದು, ಮನೆ ಬಾವಿಯ ತಳದಲ್ಲಿ ಕೂತ ಹಾಗಿತ್ತು. ಹೊಗೆ ಬರುತ್ತದೆಂದು ಮೇಲಿನವರ ತಕರಾರು. ಹಾಗಾಗಿ ಎರಕ ಹೊಯ್ಯುವ ಬೆಳಿಗ್ಗೆ ಆಚಾರ್ರು ಅಂಗಳದಲ್ಲಿ ನಿಂತು, ಅದೇ ನುಣುಪು ಹೆಬ್ಬೆರಳನ್ನು ಎಂಜಲು ಮಾಡಿ ಎತ್ತಿ ಹಿಡಿದು ಗಾಳಿ ನೋಡುತ್ತಿದ್ದರು. “ಇವತ್ತು ಉತ್ತರಹಳ್ಳಿ ಕಡೆಗಿದೆ, ಹಚ್ಚಬೋದು,” ಎನ್ನುತ್ತಿದ್ದರು. ಗಾಳಿ ಅಪಾರ್ಟ್‌ಮೆಂಟಿನ ಕಡೆಗಿದ್ದರೆ ಆ ದಿನ ಬೆಂಕಿಯಿಲ್ಲ, ಎಂಥ ಅವಸರದ ಗಿರಾಕಿ ಬಂದರೂ ಸರಿ.

ಮೊದಲ ಸಲ ಅಲ್ಲಿಗೆ ಹೋದಾಗ ನನಗೆ ಮೂವತ್ತು ತುಂಬಿರಲಿಲ್ಲ. ಕುಕ್ಕರ್ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಮೇಣದ ಮೂರ್ತಿಯನ್ನು ಒದ್ದೆ ಟವೆಲ್ ಸುತ್ತಿ ಇಟ್ಟು, ಬಿಸಿಲಿಗೆ ಎಲ್ಲಿ ಬಳುಕುತ್ತದೋ ಎಂದು ಹೆದರುತ್ತ ಸ್ಕೂಟರಿನಲ್ಲಿ ತಂದಿದ್ದೆ. ಆಚಾರ್ರು ಪೆಟ್ಟಿಗೆ ತೆರೆದು, ಮೂರ್ತಿಯನ್ನು ಮಗುವನ್ನೆತ್ತುವ ಹಾಗೆ ಕತ್ತಿಗೊಂದು ಕೈ ಕೊಟ್ಟು ಎತ್ತಿ ಹಲಗೆಯ ಮೇಲೆ ನಿಲ್ಲಿಸಿದರು. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು:

“ಪೂಜೆಗೋ, ನೋಡೋಕೋ?”

ಅವರ ಬಳಿಗೆ ಬರುವ ಪ್ರತಿಯೊಬ್ಬರಿಗೂ ಇದೇ ಮೊದಲ ಪ್ರಶ್ನೆ. ಪೂಜೆಯ ವಿಗ್ರಹವಾದರೆ ಗಟ್ಟಿ ಎರಕ, ನೋಡುವುದಕ್ಕಾದರೆ ಟೊಳ್ಳು ಎರಕ. ಇದು ಅವರಪ್ಪ ಹಾಕಿಕೊಟ್ಟ ಕಟ್ಟಳೆ.

“ನೋಡೋಕೆ,” ಎಂದೆ.

“ನಾಲ್ಕು ಕೈ ಇದಾವಲ್ಲ?”

“ಇದು ದೇವರಲ್ಲ ಆಚಾರ್ರೇ. ನಮ್ಮ ರಸ್ತೆ ಗುಡಿಸೋರು.”

“ಅವ್ರಿಗೆ ನಾಲ್ಕು ಕೈ ಇದ್ಯಾ?”

“ಇಲ್ಲ… ಅದು ಸಂಕೇತ.”

“ಸಂಕೇತ,” ಎಂದು ಅವರು ಆ ಪದವನ್ನು ಅಡಿಕೆ ಹೋಳಿನ ಹಾಗೆ ಬಾಯಲ್ಲಿ ಆಚೆ ಈಚೆ ಹೊರಳಿಸಿದರು. “ನಾಲ್ಕು ಕೈಯಿನ ಕೆಲ್ಸ ಮಾಡ್ತಾರೆ ಅಂತ. ಸರಿ ಬಿಡಿ, ನಮ್ಮನೇಲೂ ಒಬ್ಳಿದಾಳೆ.”

“ಗೊತ್ತಿದ್ರೆ ಬಂದು ಎರಡು ಕೊಡ ನೀರು ಹಿಡೀರಿ!” ಎಂದು ಒಳಗಿನಿಂದ ಉತ್ತರ ಬಂತು. ಅವರ ಹೆಂಡತಿಯನ್ನು ನಾನು ಅವತ್ತಿನಿಂದ ಅಕ್ಕ ಎಂದು ಕರೆಯತೊಡಗಿದೆ. ಅವರಿಗೆ ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ದಿನವಿಡೀ ಹೀಗೆ ಗೋಡೆಯ ಆಚೆ ಈಚೆಯಿಂದ ಮಾತನಾಡಿಕೊಳ್ಳುತ್ತಿದ್ದರು.

ನನ್ನ ಆ ಪೌರಕಾರ್ಮಿಕೆಯ ಒಂದು ಕೈಯಲ್ಲಿ ಪೊರಕೆ, ಒಂದರಲ್ಲಿ ಬುಟ್ಟಿ, ಇನ್ನೊಂದರಲ್ಲಿ ಬುತ್ತಿಯ ಡಬ್ಬಿ ಇದ್ದವು. ನಾಲ್ಕನೆಯದು ಹರಿದ ಗ್ಲೌಸು ಹಾಕಿದ ಅಭಯಹಸ್ತ. ಹಿಂದೆ ಪ್ರಭಾವಳಿಯಾಗಿ ಆಟೋದ ಹಳೆಯ ಟೈರು. ಕಲಾಶಾಲೆಯಲ್ಲಿ ಕಲಿತಿದ್ದನ್ನೆಲ್ಲ ನಾನು ಆಚಾರ್ರಿಗೆ ವಿವರಿಸಿದೆ: ಪ್ರಭಾವಳಿ ಎಂದರೆ ಕಾಲಚಕ್ರ, ಸೃಷ್ಟಿ ಲಯ, ಇತ್ಯಾದಿ. ಅವರು ಗಮನವಿಟ್ಟು ಕೇಳಿದರು.

“ಇರ್ಬೋದಮ್ಮ. ನಮ್ಮಪ್ಪ ಮಾತ್ರ, ಉತ್ಸವದಲ್ಲಿ ಹೊತ್ಕೊಂಡು ಹೋಗುವಾಗ ಯಾರಾದ್ರೂ ತಗಲಿ ಬೆರಳು ಮುರೀದಿರ್‍ಲಿ ಅಂತ ಪ್ರಭಾವಳಿ ಇರೋದು ಅಂತಿದ್ರು. ಎರಡೂ ನಿಜ ಅಂತಿಟ್ಕೊಳ್ಳಿ.”

ಆಮೇಲೆ ಮೂರ್ತಿಯನ್ನು ನನ್ನ ಕಡೆಗೆ ತಿರುಗಿಸಿ, “ಇನ್ನೇನಾದ್ರೂ ಹೇಳೋದಿದ್ರೆ ಈಗ್ಲೇ ಮೇಣಕ್ಕೆ ಹೇಳ್ಬಿಡಿ. ಮೇಣ ಕೇಳುತ್ತೆ. ಲೋಹ ಆದ್ಮೇಲೆ ಕೇಳಲ್ಲ,” ಎಂದರು. ಈ ಮಾತನ್ನು ಅವರು ಪ್ರತಿ ಸಲವೂ ಹೇಳುತ್ತಿದ್ದರು.

ಎರಡು ವಾರದ ಮೇಲೆ ಅಚ್ಚು ಒಡೆಯುವ ದಿನ ಹೋದೆ. ಸುತ್ತಿಗೆ ಎತ್ತಿ ಅವರು ತಮ್ಮ ಮಾಮೂಲಿ ಚಟಾಕಿ ಹಾರಿಸಿದರು. “ಕುಂಬಾರಂಗೆ ವರ್ಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ನಮ್ಮಲ್ಲಿ ಉಲ್ಟಾ. ದೊಣ್ಣೆ ಬಿದ್ರೇನೇ ವರ್ಷದ ಕೆಲ್ಸ ಕಾಣೋದು.” ಸುಟ್ಟ ಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಪೊರಕೆ ಬಂತು, ಬುಟ್ಟಿ ಬಂತು, ಹರಿದ ಗ್ಲೌಸಿನ ನೂಲೆಳೆಗಳು ಸಹ ಬಂದಿದ್ದವು. ಮುಖದ ಮಣ್ಣು ಬಿಡಿಸಿದಾಗ ನಾನು ಬಗ್ಗಿ ನೋಡಿದೆ. ಕಣ್ಣುಗಳಿರಲಿಲ್ಲ. ರೆಪ್ಪೆಯ ಉಬ್ಬು ಇತ್ತು, ಹುಬ್ಬಿತ್ತು. ಆದರೆ ಹದಿನೈದು ದಿನ ಕೂತು ಸೂಜಿಯಲ್ಲಿ ಕೊರೆದಿದ್ದ ಕಣ್ಣುಗಳ ಜಾಗದಲ್ಲಿ ನುಣ್ಣನೆಯ ಎರಡು ಗುಬುಟುಗಳಿದ್ದವು.

“ಅದಾ? ನಾನೇ ಅಳಿಸ್ದೆ,” ಎಂದರು ಆಚಾರ್ರು, ಹೆಬ್ಬೆರಳನ್ನು ಗಾಳಿಯಲ್ಲಿ ತೀಡಿ ತೋರಿಸುತ್ತ.

ನಾನು ಕೂಗಾಡಿದೆ. ಅವರ ವಯಸ್ಸನ್ನೂ ನೋಡಲಿಲ್ಲ. ನನ್ನ ಕೆಲಸವನ್ನು ಕೆಡಿಸುವುದಕ್ಕೆ ನೀವು ಯಾರು ಎಂದೆ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. ಆಚಾರ್ರು ನಾನು ಸುಮ್ಮನಾಗುವವರೆಗೂ ಕಾದರು.

“ಪೂಜೆಗೋ ನೋಡೋಕೋ ಅಂತ ಕೇಳಿದ್ನಲ್ಲಮ್ಮ. ನೋಡೋಕೆ ಅಂದ್ರಿ. ನೋಡೋಕೆ ಅಂದ್ರೆ ನಾವು ಅದನ್ನ ನೋಡೋದು. ಅದು ನಮ್ಮನ್ನ ನೋಡೋದಲ್ಲ.”

“ಅದಕ್ಕೇ?”

“ಕಣ್ಣು ಬಿಡಿಸಿದ್ರೆ ಅವಳು ಎದ್ದ ಹಾಗೆ. ಎಬ್ಸಿದ್ಮೇಲೆ ದಿನಾ ದೀಪ ಇಡಬೇಕು, ಒಂದು ಹಿಡಿ ಅನ್ನ ಇಡಬೇಕು. ನಿಮ್ಮ ಗ್ಯಾಲರಿಯವ್ರು ಇಡ್ತಾರಾ? ಯಾರದೋ ಮನೆ ಹಾಲ್‌ನಲ್ಲಿ ಟಿ.ವಿ. ಪಕ್ಕ ನಿಲ್ಸ್‌ತಾರೆ. ಎಬ್ಸಿ ಉಪವಾಸ ನಿಲ್ಸಬಾರ್ದಮ್ಮ. ಮಲಗಿದ್ರೆ ಹಸಿವು ಗೊತ್ತಾಗಲ್ಲ.”

ಇಷ್ಟು ಹೇಳಿ ನನಗೊಂದು ಲೋಟ ಮಜ್ಜಿಗೆ ಕೊಡಿಸಿದರು. ಪ್ರದರ್ಶನಕ್ಕೆ ನಾಲ್ಕು ದಿನ ಉಳಿದಿತ್ತು, ಮತ್ತೆ ಎರಕ ಹೊಯ್ಯಲು ಸಮಯವಿರಲಿಲ್ಲ. ಕಣ್ಣನ್ನು ಉಳಿಯಿಂದ ಕೊರೆಯುವ ಧೈರ್ಯ ನನಗಿರಲಿಲ್ಲ. ಸಿಡುಕುತ್ತಲೇ ಅವಳನ್ನು ಹಾಗೆಯೇ ಹೊತ್ತುಕೊಂಡು ಬಂದೆ.

ಪ್ರದರ್ಶನದಲ್ಲಿ ಎಲ್ಲರೂ ನಿಂತದ್ದು ಅವಳ ಮುಂದೆಯೇ. ಪತ್ರಿಕೆಗಳಿಗೆ ಕಲೆಯ ಬಗ್ಗೆ ಬರೆಯುವ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, “ಕಣ್ಣಿಲ್ಲವಲ್ಲ, ಯಾಕೆ?” ಎಂದು ಕೇಳಿದರು. ‘ನಮ್ಮ ಎರಕದವರು ಅಳಿಸಿದರು’ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಆದರೆ ನಾಲಿಗೆ ಹೇಳಿದ್ದೇ ಬೇರೆ. “ಈ ಊರು ಅವಳನ್ನು ನೋಡುವುದಿಲ್ಲ. ಅವಳೂ ಈ ಊರನ್ನು ನೋಡುವುದಿಲ್ಲ,” ಎಂದೆ. ಅವರು ಅದನ್ನು ತಕ್ಷಣ ಬರೆದುಕೊಂಡರು. ಭಾನುವಾರದ ಪುಟದಲ್ಲಿ ಅದೇ ತಲೆಬರಹವಾಯಿತು.

ಅಲ್ಲಿಂದ ಮುಂದೆ ನಾನು ಕಣ್ಣಿಲ್ಲದ ದೇವತೆಗಳ ಶಿಲ್ಪಿ. ನೀರಿನ ಟ್ಯಾಂಕರಿನ ಮೇಲೆ ಕೂತ ಗಂಗೆಯನ್ನು ಮಾಡಿದೆ. ಎರಡು ಪಕ್ಕ ಆನೆಗಳ ಬದಲು ಜೆ.ಸಿ.ಬಿ.ಗಳಿರುವ ಲಕ್ಷ್ಮಿಯನ್ನು ಮಾಡಿದೆ. ಅದನ್ನು ನೋಡಿ ಆಚಾರ್ರು, “ಸೊಂಡ್ಲು ಸಖತ್ತಾಗಿದೆ,” ಎಂದು ಕೆಮ್ಮು ಬರುವಷ್ಟು ನಕ್ಕರು. ಯಾರಿಗೂ ಕಣ್ಣಿರಲಿಲ್ಲ. ಈಗ ನಾನು ಮೇಣದಲ್ಲೇ ಕಣ್ಣು ಕೊರೆಯದೆ ತರುತ್ತಿದ್ದೆ. ಎರಡನೆಯ ಮೂರ್ತಿಯನ್ನು ಹಾಗೆ ತಂದ ದಿನ ಆಚಾರ್ರ ಮುಖ ಅರಳಿದ್ದನ್ನು ಮರೆಯಲಾರೆ.

“ನೋಡೇ, ಈಯಮ್ಮಂಗೆ ಅರ್ಥ ಆಯ್ತು,” ಎಂದು ಅಕ್ಕನನ್ನು ಕೂಗಿ ಕರೆದು ತೋರಿಸಿದರು. “ಕಾಲೇಜಲ್ಲಿ ಓದಿದೋರು, ಆದ್ರೂ ಹೇಳಿದ ಮಾತು ಕೇಳಿದಾರೆ.”

ಆಮೇಲೆ ಬಂದ ಗಿರಾಕಿಗಳಿಗೆಲ್ಲ ನನ್ನ ಉದಾಹರಣೆ. ನೋಡುವ ವಿಗ್ರಹಕ್ಕೆ ಕಣ್ಣು ಬೇಡ ಎಂದರೆ ಜಗಳಕ್ಕೆ ಬರುವವರಿಗೆ, “ಜೆ.ಪಿ. ನಗರದಿಂದ ಒಬ್ರು ಮೇಡಂ ಬರ್ತಾರೆ, ದೊಡ್ಡ ಶಿಲ್ಪಿ, ಅವ್ರೇ ಒಪ್ಪಿದಾರೆ, ನಿಮ್ದೇನು?” ಎನ್ನುತ್ತಿದ್ದರು. ಅವರ ಅಪ್ಪನ ಕಟ್ಟಳೆಯನ್ನು ನಾನು ಊರಿಗೆಲ್ಲ ಸಾರುತ್ತಿದ್ದೇನೆ ಎಂದೇ ಅವರ ನಂಬಿಕೆ. ಹಸಿವಿನ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ನನ್ನ ಭಾಷಣಗಳಲ್ಲಿ ಆ ಖಾಲಿ ಕಣ್ಣುಗಳು ಒಮ್ಮೆ ನಗರದ ಕುರುಡು, ಒಮ್ಮೆ ಭಕ್ತಿಯ ಕೊನೆ, ಕೇಳುವವರ ಮುಖ ನೋಡಿಕೊಂಡು ಇನ್ನೂ ಏನೇನೋ ಆಗುತ್ತಿದ್ದವು. ಅವರಿಗೆ ಅದು ಕರುಣೆಯ ವಿಷಯವಾಗಿತ್ತು, ನನಗೆ ಕಸುಬಿನ ಗುಟ್ಟಾಯಿತು.

ಇಷ್ಟರಲ್ಲೇ ನಿಂತಿದ್ದರೆ ಇದೊಂದು ಸಣ್ಣ ಕಳ್ಳತನ, ಎಲ್ಲರೂ ಮಾಡುವಂಥದ್ದು. ಅದು ನಿಲ್ಲಲಿಲ್ಲ.

ನಾಲ್ಕೈದು ವರ್ಷದ ಹಿಂದೆ ಯೂಟ್ಯೂಬ್ ಚಾನೆಲ್ ಒಂದರವರು ನನ್ನ ಬಗ್ಗೆ ಚಿತ್ರ ಮಾಡಲು ಬಂದರು. ಬೆಂಕಿ ಹೊಗೆ ಎಲ್ಲ ಇರಲಿ ಎಂದು ಆಚಾರ್ರ ಶೆಡ್ಡಿಗೇ ಕರೆದುಕೊಂಡು ಹೋದೆ. ಅವರು ಅವತ್ತು ಒಗೆದ ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡು, ಒಂದು ಮುದ್ದೆ ಮೇಣ ಹಿಡಿದು ಮೂಲೆಯಲ್ಲಿ ಕೂತಿದ್ದರು. ಕ್ಯಾಮೆರಾ ನನ್ನ ಮುಂದೆ. ಪ್ರಶ್ನೆ ಕೇಳುವ ಹುಡುಗಿ ಚುರುಕಿನವಳು. “ಮೇಡಂ, ಈ ಕಣ್ಣಿಲ್ಲದ ದೇವತೆಗಳ ಐಡಿಯಾ ನಿಮಗೆ ಎಲ್ಲಿಂದ ಬಂತು?” ಎಂದಳು.

ಮೇಣ ನಾದುತ್ತಿದ್ದ ಕೈ ನಿಂತಿತು. ಆಚಾರ್ರು ತಲೆ ಎತ್ತಿ ನನ್ನನ್ನು ನೋಡಿದರು. ಮುಖದ ತುಂಬ ನಗು. ಶಾಲೆಯ ವಾರ್ಷಿಕೋತ್ಸವದಲ್ಲಿ ಮುಂದಿನ ಹೆಸರು ತನ್ನದೇ ಎಂದು ಗೊತ್ತಿರುವ ಮಗುವಿನ ಹಾಗೆ ಕೂತಿದ್ದರು. ‘ಇಲ್ಲಿ ಕೂತಿದ್ದಾರಲ್ಲ, ಇವರಿಂದ’ ಎಂದರೆ ಮುಗಿದಿತ್ತು.

ಹೇಳಿದರೆ ಇಷ್ಟು ವರ್ಷ ಹೇಳಿದ್ದೆಲ್ಲ ಏನಾಗಬೇಕು ಎಂದು ಹೆದರಿದೆ. “ಚಿಕ್ಕಂದಿನಿಂದ ನನಗೊಂದು ಕನಸು ಬೀಳುತ್ತಿತ್ತು,” ಎಂದೆ. “ಒಬ್ಬ ದೇವಿ ಎದುರಿಗೆ ಬಂದು ನಿಲ್ಲುತ್ತಿದ್ದಳು. ಕಣ್ಣಿರುತ್ತಿರಲಿಲ್ಲ. ಆ ಕನಸನ್ನೇ ನಾನು ಇವತ್ತಿಗೂ ಕಂಚಿನಲ್ಲಿ ಮಾಡುತ್ತಿದ್ದೇನೆ.” ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದೆ, ಒಂದು ಸಲವೂ ತಡವರಿಸಲಿಲ್ಲ. ಆ ಹುಡುಗಿ ತೋಳು ಉಜ್ಜಿಕೊಂಡು ಮೈ ಜುಮ್ಮೆಂದಿತು ಎಂದಳು. ಆಮೇಲೆ ಮೂಲೆಯ ಕಡೆ ತಿರುಗಿ, “ತಾತ, ನೀವು ಮೇಡಂಗೆ ಹೆಲ್ಪರ್‍ರಾ?” ಎಂದು ಕೇಳಿದಳು.

“ಹೂನಮ್ಮ,” ಎಂದರು ಆಚಾರ್ರು. “ಎರಕ ಹೊಯ್ಕೊಡ್ತೀನಿ.”

ಅವರೆಲ್ಲ ಕಾಫಿ ಕುಡಿದು ಹೋದಮೇಲೆ ನಾನು ಚಪ್ಪಲಿ ಮೆಟ್ಟುವ ನೆಪದಲ್ಲಿ ಬಗ್ಗಿ ಅವರ ಮುಖ ತಪ್ಪಿಸುತ್ತಿದ್ದೆ. ಅವರು ಬಳಿಗೆ ಬಂದು ನಿಂತರು. ಈಗ ಬೈಯುತ್ತಾರೆ, ಬೈಯಲಿ ಎಂದುಕೊಂಡೆ. ಬೈದುಬಿಟ್ಟಿದ್ದರೆ ಎಷ್ಟು ಒಳ್ಳೆಯದಿತ್ತು!

“ಆ ಕನಸು ಎಷ್ಟು ವರ್ಷದಿಂದ ಬೀಳ್ತಿತ್ತಮ್ಮ?” ಎಂದರು. ಧ್ವನಿಯಲ್ಲಿ ಕೊಂಕು ಒಂದಿಷ್ಟೂ ಇರಲಿಲ್ಲ. “ನಂಗೆ ಒಂದು ಮಾತು ಹೇಳಲಿಲ್ವಲ್ಲ. ನಾನು ಕಣ್ಣು ಅಳಿಸ್ದಾಗ ಅಷ್ಟು ಕೂಗಾಡಿದ್ರಿ, ಆಮೇಲೆ ನೆನಪಾಯ್ತಾ, ಇವ್ಳು ನನ್ನ ಕನಸಲ್ಲಿ ಬಂದಿದ್ಲಲ್ಲ ಅಂತ?”

ನಾನು ಏನೋ ಗೊಣಗಿದೆ.

“ನೋಡಿ, ನಮ್ಮಪ್ಪ ಹೇಳಿದ್ದು ಬರೀ ನಮ್ಮಪ್ಪನ ಮಾತು ಅಂತಿದ್ದೆ. ಎಷ್ಟೋ ಜನ ಗೇಲಿ ಮಾಡಿದ್ರು, ನಂಗೂ ಕೆಲವು ಸಲ ಅನುಮಾನ ಬರ್ತಿತ್ತು. ಈಗ ಅವಳೇ ನಿಮ್ಮ ಕನಸಲ್ಲಿ ಬಂದು ಹೇಳಿದ್ಲು ಅಂದ್ಮೇಲೆ ನಿಜಾನೇ ಅಂತಾಯ್ತಲ್ಲ.” ಅವರ ಕಣ್ಣಲ್ಲಿ ನೀರಿತ್ತು. ನನ್ನ ಎರಡೂ ಕೈ ಹಿಡಿದುಕೊಂಡರು. ಹೆಬ್ಬೆರಳು ಮೇಣದ ಜಿಡ್ಡಿನಿಂದ ಬೆಚ್ಚಗಿತ್ತು.

ಅವರು ನಂಬಿದ್ದರು. ನನ್ನ ಸುಳ್ಳನ್ನು ಲೋಕವೆಲ್ಲ ನಂಬಲಿ ಎಂದು ಹೇಳಿದ್ದೆ, ನಂಬಬಾರದಿದ್ದ ಒಬ್ಬರೇ ಎಲ್ಲರಿಗಿಂತ ಹೆಚ್ಚಾಗಿ ನಂಬಿಬಿಟ್ಟರು. ಅಂದಿನಿಂದ ನನಗೆ ಆ ಮನೆಯಲ್ಲಿ ಮರ್ಯಾದೆಯೇ ಬದಲಾಯಿತು. ಹಲಗೆಯ ಬದಲು ಕುರ್ಚಿ ಬಂತು. ಹೊರಡುವಾಗ ಅಕ್ಕ ಕುಂಕುಮ ಕೊಡತೊಡಗಿದರು. “ಮೊನ್ನೆ ಬಂದಿದ್ಲಾ ಕನಸಲ್ಲಿ?” ಎಂದು ಆಚಾರ್ರು ಕೇಳುತ್ತಿದ್ದರು, ಊರಿನಿಂದ ನೆಂಟರು ಬಂದಿದ್ದರಾ ಎಂದು ವಿಚಾರಿಸುವ ಹಾಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ನನ್ನದು, ಪ್ರತಿ ಸಲವೂ ಬೆಚ್ಚುತ್ತಿದ್ದೆ. ಇವತ್ತು ಹೇಳಿಬಿಡುತ್ತೇನೆ ಎಂದು ಸ್ಕೂಟರಿನ ಮೇಲೆ ಅಭ್ಯಾಸ ಮಾಡಿಕೊಂಡು ಹೋಗುವುದು, ಅವರ ಮುಖ ನೋಡಿ ವಾಪಸು ಬರುವುದು. ಹೇಳಿದರೆ ನನ್ನ ಮಾನವಷ್ಟೇ ಹೋಗುತ್ತಿರಲಿಲ್ಲ, ಅವರಪ್ಪನ ಮಾತಿಗೆ ಸಿಕ್ಕ ಒಂದೇ ಸಾಕ್ಷಿಯೂ ಹೋಗುತ್ತಿತ್ತು. ಹೀಗೆಂದು ಸಮಾಧಾನ ಹೇಳಿಕೊಂಡೆ. ನಿಜಕ್ಕೂ ನಾನು ಉಳಿಸಿಕೊಂಡದ್ದು ನನ್ನ ಮಾನವನ್ನೇ.

ಎರಡು ವರ್ಷದ ಹಿಂದೆ ಆಚಾರ್ರಿಗೆ ಕೈ ನಡುಕ ಶುರುವಾಯಿತು. ಮೊದಲು ಕಾಫಿ ಲೋಟ, ಆಮೇಲೆ ಅರ, ಕೊನೆಗೆ ಉಳಿ. ಹೊಸ ಕೆಲಸ ಒಪ್ಪುವುದನ್ನು ಬಿಟ್ಟರು. ಕುಲುಮೆ ಆರಿಸುವ ಮೊದಲು ಒಂದು ಕೆಲಸ ಬಾಕಿಯಿದೆ ಎಂದರು. ಅಷ್ಟು ಮನೆಗಳಿಗೆ ದೇವರನ್ನು ಕೊಟ್ಟವರ ಸ್ವಂತ ಮನೆಯಲ್ಲಿ ಇದ್ದದ್ದು ಕಾಳಮ್ಮನ ಒಂದು ಫೋಟೋ, ಅದೂ ಗೆದ್ದಲು ಹಿಡಿದದ್ದು. ನಡುಗುವ ಕೈಯಲ್ಲೇ ತಿಂಗಳುಗಟ್ಟಲೆ ಕೂತು ಗೇಣುದ್ದದ ಕಾಳಮ್ಮನನ್ನು ಮೇಣದಲ್ಲಿ ಮಾಡಿ, ಗಟ್ಟಿ ಎರಕ ಹೊಯ್ದರು. ಗಾಳಿ ಅವತ್ತು ಉತ್ತರಹಳ್ಳಿಯ ಕಡೆಗಿತ್ತು. ಉಳಿದದ್ದು ಕಣ್ಣು ಮಾತ್ರ. ಪೂಜೆಯ ವಿಗ್ರಹಕ್ಕೆ ಕಣ್ಣು ಬಿಡಿಸುವುದು ಎಲ್ಲ ಮುಗಿದ ಮೇಲೆ, ಉಳಿಯಲ್ಲಿ.

ನನಗೆ ಫೋನು ಬಂತು. “ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕ್ಕೊಂಡು, ಏನೂ ತಿನ್ನದೆ ಬನ್ನಿ. ಕಣ್ಣು ನೀವೇ ಬಿಡಿಸ್ಬೇಕು.”

“ಆಚಾರ್ರೇ, ನಾನಾ? ನಾನು ಹೇಗೆ…”

“ನನ್ನ ಕೈ ನಿಲ್ಲಲ್ಲ. ಬೇರೆ ಯಾರಾದ್ರೂ ಆಚಾರಿ ಸಿಗ್ತಾರೆ, ಇಲ್ಲ ಅಂತಲ್ಲ. ಆದ್ರೆ ನಿಮಗೆ ಕನಸಲ್ಲಿ ಕಾಣಿಸ್ಕೊಂಡೋಳಲ್ವಾ? ನಿಮ್ಮ ಕೈಯಲ್ಲೇ ಎದ್ದೇಳ್ಲಿ.”

ಹಿಂದಿನಿಂದ ಅಕ್ಕನ ಸಣ್ಣ ಧ್ವನಿ ಕೇಳಿಸಿತು: “ನಮ್ಮೋರಲ್ಲ, ಅದ್ರಲ್ಲೂ ಹೆಂಗಸು, ಶಾಸ್ತ್ರಕ್ಕೆ ಆಗುತ್ತೇನ್ರೀ?” “ಕನಸಿಗೆ ಬಂದೋಳಿಗೇ ಇಲ್ಲದ ಶಾಸ್ತ್ರ ನಿಂಗ್ಯಾಕೆ?” ಎಂದರು ಆಚಾರ್ರು.

ಆಗ ಹೇಳಬೇಕಿತ್ತು. ನನಗೆ ಯಾವ ಕನಸೂ ಬಿದ್ದಿಲ್ಲ, ನಾನು ಆ ಉಳಿ ಮುಟ್ಟಬಾರದು ಎಂದು ಅಷ್ಟು ಹೇಳಿದ್ದರೆ ಆ ದೇವಿಗಾದರೂ ಶುದ್ಧವಾದ ಕೈ ಸಿಗುತ್ತಿತ್ತು. “ಬರ್ತೀನಿ,” ಎಂದೆ.

ಶುಕ್ರವಾರ ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಕಾಳಮ್ಮ ಅಕ್ಕಿಯ ಮೇಲೆ ನಿಂತಿದ್ದಳು. ಕಣ್ಣಿನ ರೇಖೆಯನ್ನು ಆಚಾರ್ರು ಹೇಗೋ ಎಳೆದಿಟ್ಟಿದ್ದರು, ಕಣ್ಣುಪಾಪೆ ಮಾತ್ರ ಬಾಕಿ. ತುದಿಗೆ ಚಿನ್ನ ಕೂರಿಸಿದ್ದ ಅವರಪ್ಪನ ಕಾಲದ ಸಣ್ಣ ಉಳಿಯನ್ನು ನನ್ನ ಕೈಗೆ ಕೊಟ್ಟರು. ತೆರೆದ ಕಣ್ಣಿನ ಮೊದಲ ನೋಟ ಬಲು ಉಗ್ರವಂತೆ. ಅದು ಮನುಷ್ಯರ ಮೇಲೆ ಬೀಳಬಾರದು, ಕನ್ನಡಿಯಲ್ಲಿ ತನ್ನನ್ನೇ ಕಂಡು ಶಾಂತವಾಗಬೇಕು. ಅದಕ್ಕೆ ಕೆಲಸ ಮಾಡುವವರು ಪಕ್ಕಕ್ಕೆ ಕೂತು ಮಾಡಬೇಕು, ಇನ್ನೊಬ್ಬರು ಎದುರಿಗೆ ಕನ್ನಡಿ ಹಿಡಿಯಬೇಕು. ಆಚಾರ್ರು ತಮ್ಮ ಕ್ಷೌರದ ಕನ್ನಡಿಯನ್ನು ತೊಳೆದು ಕುಂಕುಮವಿಟ್ಟು ತಾವೇ ಹಿಡಿದು ಕೂತರು. ನಾನು ಹಿಡಿಯುತ್ತೇನೆ ಎಂದ ಅಕ್ಕನಿಗೆ ಕೊಡಲಿಲ್ಲ.

ಬಲಗಣ್ಣು ಸೂರ್ಯ, ಮೊದಲು ಅದು. ಸರಿಯಾಗಿ ಬಂತು. ಎಡಗಣ್ಣು ಚಂದ್ರ. ಅದಕ್ಕೆ ನಾನು ಸ್ವಲ್ಪ ಮುಂದಕ್ಕೆ, ವಿಗ್ರಹದ ಎದುರಿಗೇ ಬಾಗಬೇಕಾಯಿತು. ಉಳಿಯ ಮೇಲೆ ಕೊನೆಯ ಏಟು ಹಾಕುವ ಹೊತ್ತಿಗೆ ಆಚಾರ್ರ ಕೈ ನಡುಗಿ ಕನ್ನಡಿ ಕೆಳಗೆ ಜಾರಿತು. ನಾನು ಗಾಬರಿಯಲ್ಲಿ ಮುಖ ಎತ್ತಿದೆ. ಆಗಷ್ಟೇ ತೆರೆದ ಎರಡು ಕಣ್ಣುಗಳು ಒಂದು ಗೇಣಿನ ದೂರದಿಂದ ನೇರ ನನ್ನನ್ನೇ ನೋಡುತ್ತಿದ್ದವು.

“ಅಯ್ಯೋ!” ಎಂದರು ಅಕ್ಕ.

ಆಚಾರ್ರು ಕನ್ನಡಿಯನ್ನು ಮತ್ತೆ ಎತ್ತಿ ಹಿಡಿದು, ಆಮೇಲೆ ಮೆಲ್ಲಗೆ ನಕ್ಕರು. “ನಿಮ್ಮನ್ನೇ ನೋಡ್ಬಿಟ್ಲಲ್ಲ! ಪರವಾಗಿಲ್ಲ ಬಿಡೇ, ಗುರುತಿರೋರೇ. ಕನಸಲ್ಲಿ ಕಂಡಿದ್ಲು, ಈಗ ಎಚ್ಚರದಲ್ಲಿ ಕಂಡ್ಲು.”

ನಾನು ಉಳಿ ಕೆಳಗಿಟ್ಟೆ. “ಆಚಾರ್ರೇ, ಒಂದು ಮಾತು,” ಎಂದೆ.

“ಹೇಳಿ.”

ಅವರ ಮುಖದಲ್ಲಿ ಕೆಲಸ ಮುಗಿಸಿದವರ ದಣಿವು, ಸಂತೋಷ ಎರಡೂ ಇದ್ದವು. “ಎಡಗಣ್ಣು ಒಂದೆಳೆ ದೊಡ್ಡದಾಯ್ತು ಅನ್ಸುತ್ತೆ,” ಎಂದೆ.

“ದೊಡ್ಡದಾದ್ರೆ ಅವಳಿಗೆ ಚೆನ್ನಾಗಿ ಕಾಣುತ್ತೆ ಬಿಡಿ,” ಎಂದು ಅವರು ದೀಪ ಹಚ್ಚಲು ಎದ್ದರು.

ಅದಾಗಿ ಇಪ್ಪತ್ತು ದಿನಕ್ಕೆ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನಾನು ಹೋದಾಗ ಅಂಗಳದಲ್ಲಿ ಮಲಗಿಸಿದ್ದರು. ಮೇಲಿನ ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು, ಕೆಲವರು ಇಳಿದೂ ಬಂದಿದ್ದರು. ಕಾಲು ಮುಟ್ಟಿ ನಮಸ್ಕರಿಸಿದೆ. ಆಮೇಲೆ ಯಾರಿಗೂ ಕಾಣದ ಹಾಗೆ ಬಲಗೈಯ ಹೆಬ್ಬೆರಳನ್ನು ಒಮ್ಮೆ ಹಿಡಿದುಕೊಂಡೆ. ಮೇಣ ಇರುವಾಗಲೇ ಹೇಳಿಬಿಡಿ ಎಂದು ಎಷ್ಟು ಸಲ ಹೇಳಿದ್ದರು! ಹದಿನೆಂಟು ವರ್ಷ ಕೇಳಿಸಿಕೊಂಡು ಹೂಂಗುಟ್ಟಿದವಳು ನಾನು.

ಅಕ್ಕ ಈಗ ಒಬ್ಬರೇ ಇದ್ದಾರೆ. ಶೆಡ್ಡನ್ನು ಗುಡಿಸಿ ಹಪ್ಪಳ ಒಣಗಿಸುತ್ತಾರೆ. ದಿನವೂ ಕಾಳಮ್ಮನಿಗೆ ದೀಪವಿಟ್ಟು, ಒಂದು ಹಿಡಿ ಅನ್ನವಿಟ್ಟು, ಆಮೇಲೆ ತಾವು ಉಣ್ಣುತ್ತಾರೆ. ನಾನು ಶುಕ್ರವಾರಗಳಲ್ಲಿ ಹೂವು ತೆಗೆದುಕೊಂಡು ಹೋಗುತ್ತೇನೆ. ಹೊಸ ಶಿಲ್ಪ ಮಾಡಿಲ್ಲ. ಕಣ್ಣಿಲ್ಲದವರ ನಡುವೆ ಇಷ್ಟು ವರ್ಷ ಎಷ್ಟು ಹಾಯಾಗಿದ್ದೆ ಎಂದು ಈಗ ಗೊತ್ತಾಗಿದೆ.

ಹೋದ ಶುಕ್ರವಾರ ಅಕ್ಕ ಮಂಗಳಾರತಿ ಎತ್ತುತ್ತ ತಿರುಗಿ ನೋಡಿದರು. “ಯಾವಾಗ್ಲೂ ಬಾಗಿಲ ಪಕ್ಕಾನೇ ನಿಂತ್ಕೋತೀರಲ್ಲಮ್ಮ. ಕಣ್ಣು ಬಿಡಿಸಿದೋರು ನೀವು, ಎದುರಿಗೆ ಬನ್ನಿ.”

ಎದುರಿಗೆ ಹೋಗಿ ನಿಂತೆ. ಒಂದೆಳೆ ದೊಡ್ಡದಾದ ಎಡಗಣ್ಣು ಆರತಿಯ ಬೆಳಕಿನಲ್ಲಿ ಹೊಳೆಯುತ್ತಿತ್ತು. ತಡೆಯಲಾಗಲಿಲ್ಲ.

“ಅಕ್ಕಾ,” ಎಂದೆ, “ನನಗೆ ಕನಸು ಬಿದ್ದಿರಲಿಲ್ಲ.”

“ದಿನಾ ಬೀಳುತ್ತಾ ಕನಸು?” ಎಂದರು ಅಕ್ಕ, ತಟ್ಟೆಯನ್ನು ನನ್ನ ಕಡೆಗೆ ಹಿಡಿಯುತ್ತ. “ಇವತ್ತಲ್ಲ ನಾಳೆ ಬೀಳುತ್ತೆ ಬಿಡಿ. ಮೊದ್ಲು ಮಂಗಳಾರತಿ ತಗೊಳ್ಳಿ.”

ಎರಡನೆಯ ಸಲ ಹೇಳಲು ನಾಲಿಗೆ ಏಳಲಿಲ್ಲ. ಆರತಿ ತೆಗೆದುಕೊಂಡೆ. ಅವಳಿಗಿಟ್ಟ ಅನ್ನದಲ್ಲಿ ಒಂದು ತುತ್ತನ್ನು ಅಕ್ಕ ನನ್ನ ಅಂಗೈಗೆ ಹಾಕಿದರು, ಅದನ್ನೂ ತಿಂದೆ. ಅಲ್ಲಿ ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಎಂದೂ ಯಾವ ಕನಸೂ ಬಿದ್ದಿರಲಿಲ್ಲ. ಆ ಕಣ್ಣುಗಳನ್ನು ಅಳಿಸಿದ್ದು ಆಚಾರ್ರ ಹೆಬ್ಬೆರಳು.